ಕುರ್ಚಿಗೆ ಯಾರು? ಪರನಾಡಿನ ಶಾಖೆಗೆ ಮೇಲಧಿಕಾರಿಯನ್ನು ಆರಿಸುವ ಬಗೆ ಮತ್ತು ನಡುವೆ ನಿಂತ ದುಭಾಷಿ

(ಗಡಿ ಮತ್ತು ಭಾಷೆ ಕುರಿತ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಂಡು ಬರಹಕ್ಕೆ ಇಳಿಸಲಾಗಿದೆ.)

ನನ್ನ ದನಿ ಕೇಳಾಕತ್ತದಲ್ರಿ? ನಾನು ಊರಿಂದಲೇ ಮಾತಾಡ್ತಿದೀನಿ, ಜತ್ತ ತಾಲೂಕಿನ ಮೂಡಣ ಭಾಗದ ಹಳ್ಳಿಯಿಂದ. ನಡುವೆ ನೆಟ್‌ವರ್ಕ್ ಕಡಿದರೆ ಸ್ವಲ್ಪ ತಾಳ್ಕೋಬೇಕು.

ಶೀರ್ಷಿಕೆ ಓದಿ ಕೆಲವರು, "ಇದು ಎಂಬಿಎ ಓದೋರ ವಿಷಯ, ಕನ್ನಡ ಎಂ.ಎ. ಮಾಡೋರಿಗೆ ಯಾಕ ಬೇಕು?" ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬಹುರಾಷ್ಟ್ರೀಯ ಕಂಪನಿಯೊಂದು ಬೇರೆ ದೇಶದಲ್ಲಿ ಶಾಖೆ ತೆರೆದಾಗ ಅದರ ಮುಖ್ಯಸ್ಥನ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತದೆ, ಯಾಕೆ ಎನ್ನುವುದು ವ್ಯವಹಾರದ ಪ್ರಶ್ನೆ, ನಿಜ. ಆದರೆ ಆ ಕುರ್ಚಿಯಲ್ಲಿ ಕೂತವನು ಯಾವ ಭಾಷೆಯಲ್ಲಿ ಕೇಳುತ್ತಾನೆ, ಯಾವ ಭಾಷೆಯಲ್ಲಿ ಬರೆದು ಮೇಲಕ್ಕೆ ಕಳಿಸುತ್ತಾನೆ ಎಂದು ಕೇಳಿದ ಕೂಡಲೇ ಅದು ನಮ್ಮ ಪ್ರಶ್ನೆಯೂ ಆಗುತ್ತದೆ. ನನಗಂತೂ ಇದು ಹತ್ತನೆಯ ವಯಸ್ಸಿನಿಂದ ಬೆನ್ನಿಗೆ ಬಿದ್ದ ಪ್ರಶ್ನೆ. ಅಲ್ಲಿಂದಲೇ ಶುರು ಮಾಡ್ತೀನಿ.

1. ಒಂದು ಹುಣ್ಣಿಮೆಯ ಕತೆ

ನಾನು ಓದಿದ್ದು ಕನ್ನಡ ಮಾಧ್ಯಮದ ಶಾಲೆಯಲ್ಲಿ. ಜತ್ತ ಒಂದು ಕಾಲಕ್ಕೆ ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು, 1960ರಿಂದ ಮಹಾರಾಷ್ಟ್ರ. ತಾಲೂಕಿನ ಮೂಡಣ ಭಾಗದ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದರು. ಬಹಳ ಒಳ್ಳೆಯ ಮನುಷ್ಯ. ಮಕ್ಕಳಿಗೆ ಹೊಡೆಯುತ್ತಿರಲಿಲ್ಲ, ಶಾಲೆಯ ಹಿಂದೆ ಬೇವಿನ ಗಿಡ ನೆಡಿಸಿದವರು ಅವರೇ. ಆದರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅವ್ವಂದಿರು ಏನಾದರೂ ಕೇಳಾಕ ಬಂದರೆ ನನ್ನನ್ನು ಕರೆಸುತ್ತಿದ್ದರು. ನಮ್ಮ ಮಾವ ಮಿರಜದಲ್ಲಿ ಇದ್ದುದರಿಂದ ನನಗೆ ನಾಲ್ಕು ಮಾತು ಮರಾಠಿ ಬರುತ್ತಿತ್ತು.

ಒಂದು ದಿನ ಓಣಿಯ ಅತ್ತಿಯೊಬ್ಬಳು ಮಗನನ್ನು ಶಾಲೆಗೆ ಹಾಕಾಕ ಬಂದಳು. ಹುಟ್ಟಿದ ತಾರೀಖು ಕೇಳಿದರು. "ಕಾರಹುಣ್ಣಿವಿ ಮುಂದ ಹುಟ್ಯಾನ್ರೀ, ನಾಕೈದು ದಿನ" ಅಂದಳು. ನಮ್ಮ ಕಡೆ ಹುಣ್ಣಿವಿ ಮುಂದ ಅಂದರೆ ಹುಣ್ಣಿಮೆ ಇನ್ನೇನು ಬರುವ ಹೊತ್ತಿಗೆ ಎಂದು. ನಾನು ಕಾರಹುಣ್ಣಿಮೆಗೆ ವಟಪೌರ್ಣಿಮೆ ಎಂದೆ, ಅದು ಸರಿಯೇ. ಎರಡೂ ಜ್ಯೇಷ್ಠದ ಹುಣ್ಣಿಮೆ. ಆದರೆ 'ಮುಂದ' ಎನ್ನುವುದಕ್ಕೆ ಮರಾಠಿಯ 'ಪುಢೆ' ಎಂದೆ. ಗುರುಗಳ ಕಿವಿಗೆ ಅದು ಹುಣ್ಣಿಮೆ ಆದಮೇಲೆ ಎಂದು ಕೇಳಿಸಿತು. ಕ್ಯಾಲೆಂಡರ್ ತಿರುವಿ ಒಂದು ತಾರೀಖು ಬರೆದರು. ಅತ್ತಿ ಹೆಬ್ಬೆಟ್ಟು ಒತ್ತಿದಳು.

ಗ್ರಾಮಪಂಚಾಯತಿ ದಾಖಲೆಯಲ್ಲಿ ಒಂದು ತಾರೀಖು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಆ ಹುಡುಗ ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಗೊತ್ತಾಯಿತು. ಅಫಿಡವಿಟ್, ತಾಲೂಕಿಗೆ ಓಡಾಟ, ಮತ್ತೆ ಓಡಾಟ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿತ್ತು. ಹೆಡ್‌ಮಾಸ್ತರರು ಎರಡು ವರ್ಷ ಇದ್ದು, ಇನ್ನೇನು "ಊಟ ಆತೇನು, ಆರಾಮ ಇದ್ದೀರೇನು" ಎಂದು ಕೇಳುವಷ್ಟು ಕನ್ನಡ ಕಲಿತ ಹೊತ್ತಿಗೆ ಬದಲಿಯಾಗಿ ಹೋಗಿದ್ದರು. ಅವರನ್ನು ನಾನು ದೂರಲಾರೆ. ತಪ್ಪು ಮಾಡಿದ್ದು ನನ್ನ ನಾಲಿಗೆ. ಆದರೆ ಹತ್ತು ವರ್ಷದ ಕೂಸಿನ ನಾಲಿಗೆಯ ಮೇಲೆ ಒಂದು ಕಚೇರಿ ಯಾಕೆ ನಿಂತಿತ್ತು ಎನ್ನುವುದು ಬೇರೆ ಮಾತು. ಈ ಪ್ರಬಂಧ ಆ ಬೇರೆ ಮಾತಿನದು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡ್ತೀನಿ. ಜತ್ತ ಯಾರಿಗೂ ಪರದೇಶವಲ್ಲ, ನಾವು ಈ ರಾಜ್ಯದ ಪ್ರಜೆಗಳೇ. ಶಾಲೆ ಕಂಪನಿಯೂ ಅಲ್ಲ. ಹೋಲಿಕೆ ಇರುವುದು ಒಂದೇ ಕಡೆ: ತೀರ್ಮಾನವಾಗುವ ಜಾಗದ ಭಾಷೆ ಒಂದು, ಕೆಲಸ ನಡೆಯುವ ಜಾಗದ ಭಾಷೆ ಇನ್ನೊಂದು ಆದಾಗ, ಮುಖ್ಯಸ್ಥನನ್ನು ಎಲ್ಲಿಂದ ತರಬೇಕು?

2. ನಿರ್ವಹಣಾಶಾಸ್ತ್ರದ ಮೂರು ಉತ್ತರ

ಈ ಪ್ರಶ್ನೆಗೆ ಹೆಚ್ಚು ಬಳಕೆಯಲ್ಲಿರುವ ವಿಂಗಡಣೆ ಹಾವರ್ಡ್ ಪರ್ಲ್‌ಮಟರ್ 1969ರಲ್ಲಿ ಮಾಡಿದ್ದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಮೊದಲನೆಯದು ಮೂಲನಾಡ ಕೇಂದ್ರಿತ: ಶಾಖೆ ಎಲ್ಲೇ ಇರಲಿ, ಮೇಲಿನ ಕುರ್ಚಿಗೆ ಕಂಪನಿಯ ಸ್ವಂತ ದೇಶದವನೇ. ಎರಡನೆಯದು ನೆಲೆನಾಡ ಕೇಂದ್ರಿತ: ಶಾಖೆಯಿರುವ ನೆಲದವನಿಗೇ ಕುರ್ಚಿ, ಆದರೆ ಅವನು ಸಾಮಾನ್ಯವಾಗಿ ಅಲ್ಲಿಂದ ಮೇಲೇರಿ ಕೇಂದ್ರ ಕಚೇರಿಗೆ ಹೋಗುವುದಿಲ್ಲ. ಮೂರನೆಯದು ಜಗತ್ಕೇಂದ್ರಿತ: ಯಾವ ದೇಶದವನಾದರೂ ಸರಿ, ಕೆಲಸ ಬಲ್ಲವನು ಸಿಕ್ಕರೆ ಸಾಕು. ಮೂಲನಾಡಿನವನೂ ಅಲ್ಲದ, ನೆಲೆನಾಡಿನವನೂ ಅಲ್ಲದ ಅಧಿಕಾರಿಯನ್ನು ಮೂರನೆಯ ನಾಡಿನವ ಎನ್ನುತ್ತಾರೆ.

ಇದು ಅಮೆರಿಕದ ಪುಸ್ತಕದ ಮಾತು ಅನಿಸಿದರೆ ನಮ್ಮ ಜಿಲ್ಲೆಯನ್ನೇ ನೋಡ್ರಿ. ಖಾನಾಪುರ, ಆಟಪಾಡಿ ತಾಲೂಕಿನ ಜನ ಚಿನ್ನ ಬೆಳ್ಳಿ ಕರಗಿಸಿ ಶುದ್ಧ ಮಾಡುವ ಗಲಾಯಿ ಕೆಲಸ ಹಿಡಿದು ದೇಶದ ಊರೂರಿನ ಸರಾಫ ಕಟ್ಟೆಗಳಲ್ಲಿ ಅಂಗಡಿ ಹಾಕಿದ್ದಾರೆ. ಕೈಕೆಳಗೆ ಹುಡುಗ ಬೇಕಾದಾಗ, ಎರಡನೆಯ ಅಂಗಡಿ ತೆರೆದಾಗ, ಕರೆಸಿಕೊಳ್ಳುವುದು ಊರಿನವನನ್ನೇ, ಆದರೆ ಭಾವನ ಮಗನನ್ನೋ ಅಣ್ಣನ ಮಗನನ್ನೋ. ಮೂಸೆಯಲ್ಲಿ ಇರೋದು ಮಂದಿಯ ಬಂಗಾರ. ಊರಿನ ಹುಡುಗ ತಪ್ಪು ಮಾಡಿದರೆ ಅವನ ಮನೆ ಎಲ್ಲದ ಅಂತ ಗೊತ್ತು. ಮೂಲನಾಡ ಕೇಂದ್ರಿತ ನೇಮಕ ಎಂದರೆ ಇದೇ. ಅದರ ಬೇರು ನಂಬಿಕೆ, ಇನ್ನೊಂದು ಹೆಸರು ಹಿಡಿತ.

ಎಡ್‌ಸ್ಟ್ರೋಮ್ ಮತ್ತು ಗಾಲ್‌ಬ್ರೈತ್ ಎಂಬ ಇಬ್ಬರು 1977ರಲ್ಲಿ, ಕಂಪನಿಗಳು ತಮ್ಮವರನ್ನು ಯಾಕೆ ಕಳಿಸುತ್ತವೆ ಎಂದು ಕೇಳಿ ಮೂರು ಕಾರಣ ಗುರುತಿಸಿದರು. ಒಂದು, ಅಲ್ಲಿ ಆ ಕೆಲಸ ಬಲ್ಲವರು ಸಿಗುವುದಿಲ್ಲ. ಎರಡು, ಕಳಿಸಿದವನೇ ಹೊರಗಿನ ಅನುಭವ ಪಡೆದು ಬೆಳೆಯಲಿ. ಮೂರು, ಸಂಸ್ಥೆಯ ಬೇರೆ ಬೇರೆ ಭಾಗಗಳನ್ನು ಪರಿಚಯ, ಒಡನಾಟಗಳಿಂದ ಹೆಣೆಯಲಿ. ಹೊರಗೆ ಹೇಳುವುದು ಮೊದಲನೆಯ ಕಾರಣ. ಎಷ್ಟೋ ಸಲ ಒಳಗೆ ಕೆಲಸ ಮಾಡುವುದು ಮೂರನೆಯದು.

ಯಾವ ಕುರ್ಚಿ ಎನ್ನುವುದೂ ಮುಖ್ಯ. ಹೊಸ ಶಾಖೆಯಲ್ಲಿ ವ್ಯವಸ್ಥಾಪಕ ನಿರ್ದೇಶಕ ಮತ್ತು ಹಣಕಾಸಿನ ಮುಖ್ಯಸ್ಥ, ಈ ಎರಡು ಜಾಗಕ್ಕೆ ಮೂಲನಾಡಿನವರು ಬರುವುದು ಹೆಚ್ಚು. ಸಿಬ್ಬಂದಿ ವಿಭಾಗದ ಮುಖ್ಯಸ್ಥ ಮಾತ್ರ ಬಹುತೇಕ ಸ್ಥಳೀಯ. ಯಾಕಂದ್ರ ಕಾರ್ಮಿಕ ಕಾನೂನು, ಯೂನಿಯನ್, ಜಾತ್ರೆಯ ರಜೆ, ಬೈಗುಳ ಇವೆಲ್ಲ ಅನುವಾದಕ್ಕೆ ಸುಲಭವಾಗಿ ಸಿಗುವುದಿಲ್ಲ. ಇನ್ನು ಖರ್ಚು: ಹೊರಗಿನಿಂದ ಬಂದವನ ಸಂಬಳದ ಜೊತೆ ಮನೆ, ಮಕ್ಕಳ ಶಾಲೆ, ಊರಿಗೆ ಹೋಗಿ ಬರುವ ವಿಮಾನ, ತೆರಿಗೆಯ ಹೆಚ್ಚುವರಿ ಎಲ್ಲ ಕೂಡುತ್ತದೆ. ಅದಕ್ಕೇ ಶಾಖೆ ಹಳೆಯದಾಗುತ್ತ ಹೋದಂತೆ ಸ್ಥಳೀಯರ ಸಂಖ್ಯೆ ಏರುವುದುಂಟು. ಆದರೆ ಸಾಲವೋ ಹಗರಣವೋ ಎದುರಾದರೆ ಕೇಂದ್ರ ಕಚೇರಿ ಮತ್ತೆ ತನ್ನವನನ್ನೇ ಕಳಿಸುವುದೂ ಉಂಟು.

3. ಬಾಸೆಲ್‌ನಿಂದ ಮಂಗಳೂರಿಗೆ

ಕನ್ನಡ ವಿದ್ಯಾರ್ಥಿಗಳಾದ ನಮಗೆ ಈ ಪ್ರಶ್ನೆಯ ದೊಡ್ಡ ಉದಾಹರಣೆ ಕಪಾಟಿನಲ್ಲೇ ಇದೆ. ಕಿಟ್ಟೆಲ್ ನಿಘಂಟು. ಅದನ್ನು ಕೊಟ್ಟ ಬಾಸೆಲ್ ಮಿಷನ್ ಧರ್ಮಪ್ರಚಾರದ ಸಂಸ್ಥೆ. ಆದರೆ ಕೇಂದ್ರ ಕಚೇರಿ, ಶಾಖೆ, ವರದಿ, ವರ್ಗಾವಣೆ ಎಂಬ ಲೆಕ್ಕದಲ್ಲಿ ನೋಡಿದರೆ ಅದು ಕನ್ನಡ ನಾಡು ಕಂಡ ಮೊದಮೊದಲ ಬಹುರಾಷ್ಟ್ರೀಯ ಸಂಸ್ಥೆಗಳಲ್ಲಿ ಒಂದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿ, 1834ರಲ್ಲಿ ಮಂಗಳೂರಿಗೆ ಬಂತು. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹಬ್ಬಿತು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಹರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ ಮಂಗಳೂರ ಸಮಾಚಾರ, 1850ರ ದಶಕದಲ್ಲಿ ನೇಯ್ಗೆ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರು ಮಾಡಿದ ಹೆಂಚಿನ ಕಾರ್ಖಾನೆ. 1859ರಲ್ಲಿ ವ್ಯಾಪಾರಕ್ಕೆಂದೇ ಬೇರೆ ಕಂಪನಿ ಕಟ್ಟಿದರು.

ನೇಮಕಾತಿಯ ಕಣ್ಣಿನಿಂದ ನೋಡಿದರೆ ಮೂರು ಸಂಗತಿ ಎದ್ದು ಕಾಣುತ್ತವೆ. ಒಂದು, ಆಡಳಿತದ ಕುರ್ಚಿಗಳೆಲ್ಲ ಯುರೋಪಿನವರಿಗೆ. ಬಾಸೆಲ್‌ನ ಸಮಿತಿಯ ಹಿಡಿತ ಎಷ್ಟಿತ್ತೆಂದರೆ ಮಿಷನರಿ ಮದುವೆಯಾಗಲೂ ಅದರ ಒಪ್ಪಿಗೆ ಬೇಕಿತ್ತು. ಇನ್ಸ್‌ಪೆಕ್ಟರ್ ಹುದ್ದೆಯಲ್ಲಿದ್ದ ಯೋಸೆನ್‌ಹಾನ್ಸ್ 1851-52ರಲ್ಲಿ ಸ್ವತಃ ಇಲ್ಲಿಗೆ ಬಂದು ಶಾಖೆಗಳನ್ನು ಪರಿಶೀಲಿಸಿ ಹೋದರು.

ಎರಡು, ಕಳಿಸಿದವರು ನೆಲದ ಭಾಷೆ ಕಲಿಯಲೇಬೇಕು ಎಂಬ ಕಟ್ಟುನಿಟ್ಟು. ಬಂದವರ ಮೊದಲ ಕೆಲಸ ಭಾಷೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಕನ್ನಡ ಕಲಿಯುತ್ತ ಕಲಿಯುತ್ತ 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟು ಹೊರತಂದರು. ಹೊರಗಿನವನನ್ನು ಕಳಿಸುವುದೇ ತಪ್ಪು ಎಂದು ವಾದಿಸುವವರಿಗೆ ಕಿಟ್ಟೆಲ್ ಒಂದು ಉತ್ತರ. ಹೊರಗಿನಿಂದ ಬಂದದ್ದು ಅಡ್ಡಿಯಾಗಲಿಲ್ಲ, ಕಲಿಯಲು ಕೊಟ್ಟ ಕಾಲ ಫಲ ಕೊಟ್ಟಿತು. ನಮ್ಮ ಹೆಡ್‌ಮಾಸ್ತರರಿಗೆ ಎರಡು ವರ್ಷ ಸಿಕ್ಕಿತ್ತು.

ಮೂರು, ಸ್ಥಳೀಯನೊಬ್ಬನನ್ನು ಕೇಂದ್ರಕ್ಕೇ ಕರೆಸಿಕೊಂಡು ತಯಾರು ಮಾಡಿದ್ದು. ಆನಂದರಾವ್ ಕೌಂಡಿನ್ಯ 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತರಾಗಿ ಹರ್ಮನ್ ಆನಂದರಾವ್ ಆದರು. 1846ರಲ್ಲಿ ಮೊಗ್ಲಿಂಗರ ಜೊತೆ ಬಾಸೆಲ್‌ಗೆ ಹೋಗಿ, ಅಲ್ಲೇ ಓದಿ, 1851ರಲ್ಲಿ ದೀಕ್ಷೆ ಪಡೆದು ಯುರೋಪಿನ ಮಿಷನರಿಗಳ ಸಾಲಿನಲ್ಲೇ ಮರಳಿದರು. ಶಾಖೆಯವನನ್ನು ಕೇಂದ್ರ ಕಚೇರಿಗೆ ಕರೆಸಿ ಅಲ್ಲಿನ ರೀತಿನೀತಿ ತುಂಬಿ ಮರಳಿ ಕಳಿಸುವುದಕ್ಕೆ ಈಗಿನ ನಿರ್ವಹಣಾಶಾಸ್ತ್ರದಲ್ಲಿ ಇನ್‌ಪೇಟ್ರಿಯೇಟ್ ಎಂಬ ಹೆಸರಿದೆ. ಹೆಸರು ಹುಟ್ಟುವುದಕ್ಕೆ ಒಂದು ಶತಮಾನಕ್ಕೂ ಮೊದಲು ಕೆಲಸ ನಡೆದಿತ್ತು. ಆದರೆ ಕೌಂಡಿನ್ಯರು ಅಪವಾದವಾಗಿಯೇ ಉಳಿದರು. ಉಳಿದ ಸ್ಥಳೀಯರು ಹೆಚ್ಚಾಗಿ ಉಪದೇಶಿ, ಶಿಕ್ಷಕ, ಮೇಸ್ತ್ರಿ ಹುದ್ದೆಗಳಲ್ಲೇ ನಿಂತರು.

ಇದರ ಬೆಲೆ ಗೊತ್ತಾಗಿದ್ದು ಮೊದಲ ಮಹಾಯುದ್ಧದಲ್ಲಿ. ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಹಿಡಿದು ಅಹ್ಮದನಗರದ ಶಿಬಿರದಲ್ಲಿ ಇಟ್ಟಿತು, ಆಮೇಲೆ ಊರಿಗೆ ಅಟ್ಟಿತು. ಕಾರ್ಖಾನೆಗಳು ಬಾಸೆಲ್ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಮೇಲಿನ ಕುರ್ಚಿಗಳೆಲ್ಲ ಒಂದೇ ಪಾಸ್‌ಪೋರ್ಟಿನವರಿಂದ ತುಂಬಿದ್ದರೆ ಆ ಪಾಸ್‌ಪೋರ್ಟಿಗೆ ಕುತ್ತು ಬಂದ ದಿನ ಕುರ್ಚಿಗಳೆಲ್ಲ ಒಟ್ಟಿಗೇ ಖಾಲಿಯಾಗುತ್ತವೆ.

4. ಸಾಬೂನು, ಬಿಡಿಭಾಗ, ಕಾರು

ಸ್ವಾತಂತ್ರ್ಯದ ನಂತರ ಕಂಪನಿಗಳ ಆಯ್ಕೆಯನ್ನು ನಮ್ಮ ಕಾನೂನೂ ತಿದ್ದಿತು. ಲಿವರ್ ಕಂಪನಿಯಲ್ಲಿ 1937ರಲ್ಲಿ ಸೇರಿದ ಪ್ರಕಾಶ್ ಟಂಡನ್ 1961ರಲ್ಲಿ ಹಿಂದೂಸ್ತಾನ್ ಲಿವರ್‌ನ ಮೊದಲ ಭಾರತೀಯ ಅಧ್ಯಕ್ಷರಾದರು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಬಹಳಷ್ಟು ಕಂಪನಿಗಳಲ್ಲಿ ವಿದೇಶಿ ಪಾಲನ್ನು 40 ಪ್ರತಿಶತಕ್ಕೆ ಇಳಿಸಬೇಕೆಂದಿತು. ಒಲ್ಲದ ಐಬಿಎಂ, ಕೋಕಾ ಕೋಲಾ ಗಂಟು ಕಟ್ಟಿದವು. ಈಗಿನ 2013ರ ಕಂಪನಿ ಕಾಯ್ದೆಯೂ ಪ್ರತಿ ಕಂಪನಿಯಲ್ಲಿ ವರ್ಷಕ್ಕೆ ಕನಿಷ್ಠ 182 ದಿನ ಭಾರತದಲ್ಲಿ ಇದ್ದ ಒಬ್ಬ ನಿರ್ದೇಶಕನಾದರೂ ಇರಬೇಕು ಎನ್ನುತ್ತದೆ. ಗಮನಿಸಿ: ಕಾನೂನು ಕೇಳುವುದು ಇಲ್ಲಿ ಇರುವವನನ್ನು. ಇಲ್ಲಿನ ಮಾತು ಬಲ್ಲವನನ್ನು ಅಲ್ಲ.

ಬೆಂಗಳೂರಿನಲ್ಲಿ 1951ರಲ್ಲಿ ಮೈಕೋ ಎಂದು ಶುರುವಾದ ಬಾಷ್ ಕಂಪನಿಯಲ್ಲಿ ಈ ತೂಗಾಟ ಚೆನ್ನಾಗಿ ಕಾಣುತ್ತದೆ. ವಿ.ಕೆ. ವಿಶ್ವನಾಥನ್ ನಂತರ 2013ರಲ್ಲಿ ಜರ್ಮನಿಯ ಸ್ಟೆಫನ್ ಬರ್ನ್ಸ್, 2017ರಲ್ಲಿ ಸೌಮಿತ್ರ ಭಟ್ಟಾಚಾರ್ಯ, 2023ರಲ್ಲಿ ಗುರುಪ್ರಸಾದ್ ಮುದ್ಲಾಪುರ ವ್ಯವಸ್ಥಾಪಕ ನಿರ್ದೇಶಕರಾದರು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್, 1997ರಲ್ಲಿ ಸ್ಥಾಪನೆಯಾದದ್ದು, ಇನ್ನೊಂದು ದಾರಿ ಹಿಡಿಯಿತು. ಜಪಾನಿನಿಂದ ಬಂದ ವ್ಯವಸ್ಥಾಪಕ ನಿರ್ದೇಶಕರು ಒಂದು ಕಡೆ. ಬಹುಕಾಲ ಉಪಾಧ್ಯಕ್ಷರಾಗಿದ್ದ ವಿಕ್ರಮ್ ಕಿರ್ಲೋಸ್ಕರ್ ಇನ್ನೊಂದು ಕಡೆ. ಆ ಮನೆತನದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಿಂದ ಬಂದು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ್ದು ನಮ್ಮದೇ ಸಾಂಗ್ಲಿ ಜಿಲ್ಲೆಯಲ್ಲಿ. ಪಾಲುದಾರಿಕೆಯ ಕಂಪನಿಯಲ್ಲಿ ಕುರ್ಚಿ ಹಂಚುವುದು ಹೀಗೆ: ತಂತ್ರಜ್ಞಾನ ಯಾರದೋ ಅವರಿಗೆ ಕಾರ್ಖಾನೆಯ ಚಾವಿ, ನೆಲದ ಪರಿಚಯ ಯಾರಿಗಿದೆಯೋ ಅವರಿಗೆ ಹೊರಬಾಗಿಲು.

5. ಗುಡ್ಡದ ಮೇಲಿನ ಗಾಳಿಯಂತ್ರ

ಇಷ್ಟರವರೆಗೆ ನಾವು ಶಾಖೆಯ ಕಡೆಯವರು. ಈಗ ತಿರುಗಿಸಿ ನೋಡೋಣ. ಸಾಂಗ್ಲಿ ಜಿಲ್ಲೆಯ ಗುಡ್ಡಗಳ ಮೇಲೆ ಸುಜ್ಲಾನ್ ಕಂಪನಿಯ ಗಾಳಿಯಂತ್ರಗಳಿವೆ. ಪುಣೆಯ ಈ ಕಂಪನಿ 2007ರಲ್ಲಿ ಜರ್ಮನಿಯ ರೀಪವರ್ ಕಂಪನಿಯ ಹಿಡಿತ ಪಡೆಯಿತು. ಈಗ ಕೇಂದ್ರ ಕಚೇರಿ ನಮ್ಮದು, ಶಾಖೆ ಜರ್ಮನರದು. ಕುರ್ಚಿಗೆ ಯಾರು?

ಭಾರತೀಯರಲ್ಲ. ಹಳೆಯ ಮುಖ್ಯಸ್ಥ ಫ್ರಿಟ್ಸ್ ಫಾರೆನ್‌ಹೋಲ್ಟ್ ನಂತರ ಬಂದವರು ಸುಜ್ಲಾನ್ ಗುಂಪಿನಲ್ಲೇ ಕೆಲಸ ಮಾಡಿದ್ದ ಡೆನ್ಮಾರ್ಕಿನ ಪೆರ್ ಹೋರ್ನುಂಗ್ ಪೆಡರ್ಸನ್. ಮೂರನೆಯ ನಾಡಿನವ ಎಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಮಾಲೀಕನಿಗೂ ಗೊತ್ತಿರುವವ, ಅಲ್ಲಿನವರಿಗೂ ತೀರಾ ಪರಕೀಯನಲ್ಲ. ಅವರ ನಂತರ ಜರ್ಮನಿಯ ಆಂಡ್ರಿಯಾಸ್ ನೌಎನ್ ಬಂದರು. ಕಾನೂನಿನ ತೊಡಕೂ ಇತ್ತು. ಜರ್ಮನ್ ಷೇರು ಕಂಪನಿಗಳಲ್ಲಿ ಆಡಳಿತ ಮಂಡಳಿ ಮತ್ತು ಅದನ್ನು ನೇಮಿಸುವ ಮೇಲ್ವಿಚಾರಣಾ ಮಂಡಳಿ ಬೇರೆ ಬೇರೆ. ಚಿಕ್ಕ ಷೇರುದಾರರು ಉಳಿದಿರುವವರೆಗೆ, ದೊಡ್ಡ ಮಾಲೀಕ ಬೇಕೆಂದ ಹಾಗೆ ತಂತ್ರಜ್ಞಾನ ಕೊಡು ಎಂದು ಸುಲಭವಾಗಿ ಅಪ್ಪಣೆ ಮಾಡಲಾಗುವುದಿಲ್ಲ. ಸುಜ್ಲಾನ್ ಉಳಿದ ಷೇರುಗಳನ್ನು ಕೊಂಡು ಮುಗಿಸಿದ್ದು 2011ರಲ್ಲಿ. ಅಷ್ಟರಲ್ಲಿ ಸಾಲ ಬೆಳೆದಿತ್ತು. 2015ರಲ್ಲಿ, ಸೆನ್ವಿಯೋನ್ ಎಂದು ಹೆಸರು ಬದಲಾಗಿದ್ದ ಆ ಕಂಪನಿಯನ್ನು 100 ಕೋಟಿ ಯೂರೋಗೆ ಮಾರಿತು.

ಕುರ್ಚಿಗೆ ಯಾರನ್ನು ಕೂರಿಸಬೇಕು ಎನ್ನುವುದು ಮಾಲೀಕನ ಮನಸ್ಸಿನ ಮಾತಷ್ಟೇ ಅಲ್ಲ; ನೆಲದ ಕಾನೂನು, ತಂತ್ರಜ್ಞಾನದ ಯಜಮಾನಿಕೆ, ಅಲ್ಲಿನ ಕೆಲಸಗಾರರ ಒಪ್ಪಿಗೆ ಇವೆಲ್ಲ ಕೂಡಿ ತೀರ್ಮಾನಿಸುತ್ತವೆ. ಕೊಂಡವನಿಗಿಂತ ಕೊಂಡ ವಸ್ತು ಹೆಚ್ಚು ಬಲ್ಲುದಾಗಿದ್ದರೆ ಕುರ್ಚಿ ಅಲ್ಲಿಯವರಿಗೇ ಉಳಿಯುತ್ತದೆ.

6. ನಡುವೆ ನಿಂತವರು

ಈಗ ನನ್ನ ವಾದಕ್ಕೆ ಬರ್ತೀನಿ. ಪರ್ಲ್‌ಮಟರ್ ವಿಂಗಡಣೆ ಕೇಳುವುದು, ಮುಖ್ಯಸ್ಥ ಯಾವ ನಾಡಿನವ ಎಂದು. ನನ್ನ ಪ್ರಕಾರ ಅದರ ಜೊತೆಗೇ ಕೇಳಬೇಕಾದದ್ದು, ಮುಖ್ಯಸ್ಥನಿಗೂ ಕೆಲಸದ ನೆಲಕ್ಕೂ ನಡುವೆ ಯಾರ ನಾಲಿಗೆ ಇದೆ ಎಂದು.

1999ರಲ್ಲಿ ಮಾರ್ಶನ್-ಪಿಯೆಕ್ಕಾರಿ ಮತ್ತು ಇಬ್ಬರು ವೆಲ್ಚ್‌ಗಳು ಫಿನ್‌ಲೆಂಡಿನ ಕೋನೆ ಎಂಬ ಲಿಫ್ಟ್ ಕಂಪನಿಯನ್ನು ಅಧ್ಯಯನ ಮಾಡಿ ಇದನ್ನು ತೋರಿಸಿದರು. ಕಂಪನಿಯ ಅಧಿಕೃತ ಭಾಷೆ ಇಂಗ್ಲಿಷ್. ಆದರೆ ಕೇಂದ್ರ ಕಚೇರಿಯ ಮಾತು ಮತ್ತು ಶಾಖೆಯ ಮಾತು ಎರಡನ್ನೂ ಬಲ್ಲವರು, ಹುದ್ದೆ ಚಿಕ್ಕದಿದ್ದರೂ, ಸುದ್ದಿಯ ಗಂಟುಗಳಾಗಿ ಬಿಡುತ್ತಿದ್ದರು. ಯಾವುದು ಮೇಲೆ ಹೋಗಬೇಕು, ಯಾವುದು ಕೆಳಗೆ ಬರಬೇಕು ಎಂಬುದು ಅವರ ಕೈಯಲ್ಲಿ. ಸಂಸ್ಥೆಯ ನಕ್ಷೆಯಲ್ಲಿ ಅವರ ಹೆಸರಿನ ಪೆಟ್ಟಿಗೆ ಸಣ್ಣದು, ಕೆಲಸ ದೊಡ್ಡದು.

ನಾನು ಅಂಥ ಒಂದು ಗಂಟು. ಆದರೆ ನನಗೆ ಅಧಿಕಾರ ಇರಲಿಲ್ಲ, ಹೊಣೆ ಇತ್ತು. ಮೊಗ್ಲಿಂಗ್, ಕಿಟ್ಟೆಲ್ ಪಕ್ಕದಲ್ಲಿ ಕೂತು ಕನ್ನಡ ಕಲಿಸಿದ ಪಂಡಿತರು, ಬಿಡದಿಯ ಕಾರ್ಖಾನೆಯಲ್ಲಿ ಜಪಾನಿ ಕಲಿತು ಮಾತು ದಾಟಿಸುವ ಎಂಜಿನಿಯರು, ಗಡಿಯ ಕಚೇರಿಗಳಲ್ಲಿ ಅರ್ಜಿ ಬರೆದುಕೊಡುವವರು, ಆಫೀಸಿನ ಜವಾನ ಇವರೆಲ್ಲ ಒಂದೇ ಜಾತಿ. ತಪ್ಪಾದಾಗ ಹೆಸರು ಅವರದು. ಸರಿಯಾದಾಗ ಅವರು ಕಾಣುವುದೇ ಇಲ್ಲ. ನಮ್ಮ ಸಾಹಿತ್ಯ ಚರಿತ್ರೆಯಲ್ಲೂ ನಿಘಂಟಿನ ಮುಖಪುಟದ ಮೇಲೆ ಒಂದೇ ಹೆಸರು.

7. ಕೊನೆಯ ಮಾತು

ಹಾಗಾದರೆ ಸ್ಥಳೀಯನನ್ನೇ ನೇಮಿಸಿದರೆ ಎಲ್ಲ ಸರಿಹೋಗುತ್ತದೆಯೇ? ಇದೇ ಪ್ರಶ್ನೆಯನ್ನು ಈಗ ಒಬ್ಬ ಗುರುಗಳು ಚಾಟಿನಲ್ಲಿ ಹಾಕಿದ್ದಾರೆ. ಇಲ್ಲ ಅನ್ನೋದೇ ನನ್ನ ಉತ್ತರ ಸರ್. ನೆಲೆನಾಡಿನವ ಕೇಂದ್ರದ ಭಾಷೆಯಲ್ಲೇ ಯೋಚಿಸುವುದನ್ನು ಕಲಿತು ತನ್ನವರ ಮಾತಿಗೆ ಕಿವುಡನಾಗಬಹುದು. ಹೊರಗಿನಿಂದ ಬಂದವನು ನಲವತ್ತು ವರ್ಷ ಕೂತು ನಿಘಂಟು ಬರೆಯಬಹುದು. ಹುಟ್ಟಿದ ಊರು ನೋಡಿ ತೀರ್ಮಾನಿಸುವುದಕ್ಕಿಂತ ಮೂರು ವಿಷಯ ಕೇಳಬೇಕು. ಕಳಿಸಿದವನಿಗೆ ಭಾಷೆ ಕಲಿಯಲು ಕಾಲ ಕೊಟ್ಟಿದೆಯೇ? ಕಲಿತ ಮೇಲೆ ಅಲ್ಲಿ ಇರಗೊಡುತ್ತದೆಯೇ, ಅಥವಾ ಕಲಿತ ದಿನವೇ ಬದಲಿ ಮಾಡುತ್ತದೆಯೇ? ನಡುವೆ ನಿಂತವನ ಕೆಲಸವನ್ನು ಕೆಲಸವೆಂದು ಗುರುತಿಸಿ, ಸಂಬಳವನ್ನೂ ಹೊಣೆಯನ್ನೂ ಬರೆದುಕೊಟ್ಟಿದೆಯೇ? ಬಾಸೆಲ್ ಮಿಷನ್ ಮೊದಲೆರಡನ್ನು ಮಾಡಿತು, ಮೂರನೆಯದನ್ನು ಮರೆಯಿತು. ಈಗಿನ ಎಷ್ಟೋ ಸಂಸ್ಥೆಗಳು ಮೂರನ್ನೂ ಮಾಡುವುದಿಲ್ಲ.

ಆ ಹುಡುಗನಿಗೆ ಈಗ ತಾರೀಖು ಸರಿಯಾಗಿದೆ. ಹೋದ ಯುಗಾದಿಗೆ ಸಿಕ್ಕಿದ್ದ. ದ್ರಾಕ್ಷಿ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾನೆ, ಮತ್ತೆ ಅರ್ಜಿ ಹಾಕುವವನಿದ್ದಾನೆ. ನಾನು ತಪ್ಪಾಯ್ತಪ್ಪ ಅಂದೆ. ಅವನು ನಕ್ಕು, "ನೀ ಆವಾಗ ಸಣ್ಣ ಕೂಸು ಇದ್ದಿ, ಬಿಡು" ಅಂದ. ಅವರವ್ವ ಮಾತ್ರ ಒಳಗಿನಿಂದಲೇ, "ಹುಣ್ಣಿವಿ ಮುಂದ ಅಂದರ ಏನಂತ ಈಗರೆ ತಿಳೀತೇನು?" ಅಂತ ಕೇಳಿದಳು. ತಿಳೀತ್ರಿ ಅತ್ತಿ ಅಂದೆ.